ಮುದ್ದೆ ಅಗಿಯದ ಶ್ರೀಪತಿ

ಮುದ್ದೆ ಅಗಿಯುವವರನ್ನು ನಮ್ಮವರು ಮನುಷ್ಯರ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮವರೆಂದರೆ ನನ್ನ ಗಂಡ ಶ್ರೀಪತಿ. ಮದ್ದೂರಿನ ಕಡೆಯವರು, ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಒಂದು ಕಂಪ್ಯೂಟರ್ ಕಂಪನಿಯ ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸ. ಆಳು ದೊಡ್ಡದು, ದನಿ ಇನ್ನೂ ದೊಡ್ಡದು. ಆಸ್ಟಿನ್ನಿನಲ್ಲಿ ಕನ್ನಡದವರ ಪಿಕ್ನಿಕ್ ಎಂದರೆ ಮುದ್ದೆ ಉಣ್ಣುವ ಸ್ಪರ್ಧೆಗೆ ಇವರೇ ತೀರ್ಪುಗಾರರು. ಡಲ್ಲಾಸ್‌ನವರು, ಹ್ಯೂಸ್ಟನ್‌ನವರು ಕೂಡ ಕರೆಸಿಕೊಳ್ಳುತ್ತಿದ್ದರು. ಸಾಲಾಗಿ ಕೂತವರ ದವಡೆಗಳನ್ನೇ ನೋಡುತ್ತ ಓಡಾಡುವುದು, ಯಾರ ದವಡೆಯಾದರೂ ಅಲ್ಲಾಡಿದರೆ "ಅಗಿದೆ, ಏಳು ಮೇಲೆ" ಎನ್ನುವುದು. ಪಾಪ, ಬೆಂಗಳೂರಿನ ಹುಡುಗರು ನಾಚಿಕೊಂಡು ಎದ್ದು ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಊಟಕ್ಕೆ ಕೂತವರನ್ನು ಎಬ್ಬಿಸುವುದು ಯಾವ ದೊಡ್ಡಸ್ತಿಕೆ ಎಂದು ವಾಪಸು ಬರುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ಜಗಳ ತೆಗೆಯುತ್ತಿದ್ದೆ. ಇವರು ನಗುತ್ತ ಡ್ರೈವ್ ಮಾಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಇವರಿಗೆ ಸ್ಟ್ರೋಕ್ ಆಯಿತು. ಎಡಗೈ ಸೋತಿತು, ಮಾತು ತೊದಲತೊಡಗಿತು. ಅವೆರಡೂ ನೋಡಿದವರಿಗೆ ತಿಳಿಯುತ್ತಿದ್ದವು. ಗಂಟಲು ಸೋತದ್ದು ಮಾತ್ರ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ನೀರು ಕುಡಿದರೆ ಕೆಮ್ಮು, ಅನ್ನ ತಿಂದರೆ ಕೆಮ್ಮು. ಒಮ್ಮೆ ತಿಂದದ್ದು ಶ್ವಾಸಕೋಶಕ್ಕೇ ಇಳಿದು ನ್ಯುಮೋನಿಯಾ ಆಗಿ ಮತ್ತೆ ಆಸ್ಪತ್ರೆ ಸೇರಿದರು. ಆಗ ಒಬ್ಬಳು ಥೆರಪಿಸ್ಟ್ ಹುಡುಗಿ ಮನೆಗೆ ಬರಲು ಶುರು ಮಾಡಿದಳು. ಈ ದೇಶದಲ್ಲಿ ನುಂಗುವುದಕ್ಕೂ ಟೀಚರ್ ಇದ್ದಾರೆ ಎಂದು ನನಗೆ ಗೊತ್ತಾದದ್ದೇ ಅವಳನ್ನು ಕಂಡ ಮೇಲೆ. ನೆಟ್ಟಗೆ ಕೂರಬೇಕು, ಗದ್ದ ಎದೆಗೆ ತಾಗಿಸಬೇಕು, ಸಣ್ಣ ತುತ್ತು, ಚೆನ್ನಾಗಿ ಅಗಿಯಬೇಕು. ಮುದ್ದೆಯನ್ನು ಹೇಗೆ ತಿನ್ನುತ್ತಾರೆ ಎಂದು ಕೇಳಿಕೊಂಡು, ನಾನು ಹೇಳಿ ಮುಗಿಸುವ ಮೊದಲೇ ಎರಡೂ ಕೈ ಅಡ್ಡ ಮಾಡಿ ಬೇಡವೇ ಬೇಡ ಎಂದಳು.

ಅಂದಿನಿಂದ ಮಿಕ್ಸಿಯಲ್ಲಿ ರುಬ್ಬಿದ್ದು. ರುಬ್ಬಿದ ಅನ್ನ, ರುಬ್ಬಿದ ತರಕಾರಿ, ರುಬ್ಬಿದ ಕೋಳಿ. ಇವರು ಎರಡು ಚಮಚ ತಿಂದು ಬಾಯಿ ಮುಚ್ಚಿಬಿಡುತ್ತಿದ್ದರು. ಬೈದೆ, ಬೇಡಿಕೊಂಡೆ, ಮಗುವಿಗೆ ತಿನ್ನಿಸುವಂತೆ ಸುಳ್ಳು ಹೇಳಿ ತಿನ್ನಿಸಿದೆ. ಅಂಗಿ ಹೆಗಲಿನಿಂದ ಜಾರತೊಡಗಿತು. ಮಾತನ್ನೂ ಬಿಟ್ಟರು. ಬೇಕು, ಬೇಡ ಎಂದು ತಲೆಯಾಡಿಸುವುದಷ್ಟೇ. ದಿನವಿಡೀ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು.

ಡಾಕ್ಟರು ಕೊನೆಗೆ ಒಂದು ಮಾತು ಹೇಳಿದರು. ಮುಂದಿನ ವಾರ ಗುರುವಾರ ತೂಕ ನೋಡುತ್ತೇವೆ, ಇನ್ನೂ ಇಳಿದಿದ್ದರೆ ಹೊಟ್ಟೆಗೆ ಪೈಪ್ ಹಾಕಿ ಅದರಲ್ಲೇ ಆಹಾರ ಕೊಡಬೇಕಾಗುತ್ತದೆ. ಮಗಳು ಮಧುರಾ ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಕೆಲಸ ಮಾಡುತ್ತಾಳೆ, ವಾರದ ಕೊನೆಗೆ ಬರುತ್ತಾಳೆ. ಅವಳು ಪೈಪ್ ಹಾಕಿಸುವುದೇ ಸರಿ ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ನಾನು ಒಪ್ಪಲಿಲ್ಲ. ಒಮ್ಮೆ ಪೈಪ್ ಬಂದರೆ ಇವರು ಮತ್ತೆ ತಟ್ಟೆಗೆ ಕೈ ಚಾಚುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಉಣ್ಣುವುದನ್ನು ಬಿಟ್ಟ ಮೇಲೆ ಈ ಮನುಷ್ಯನಲ್ಲಿ ಉಳಿಯುವುದಾದರೂ ಏನು?

ಮೊಫೊಂಗೊ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ಆ ವಾರವೇ. ಪಕ್ಕದ ಮನೆಯ ಐರಿಸ್ ಪೋರ್ಟೊ ರಿಕೊ ದ್ವೀಪದವಳು, ಸ್ಕೂಲ್ ಬಸ್ ಓಡಿಸಿ ಈಗ ರಿಟೈರ್ ಆದವಳು. ಬೇಲಿಯ ಆಚೆಯಿಂದ ನನ್ನ ಮುಖ ನೋಡಿ ವಿಚಾರಿಸಿದಳು. ಎಲ್ಲ ಹೇಳಿಕೊಂಡು ಅತ್ತೆ. ಅವರ ಕಡೆ ಮೊಫೊಂಗೊ ಅಂತ ಬಾಳೆಕಾಯಿ ಹುರಿದು ಕುಟ್ಟಿ ಬೆಳ್ಳುಳ್ಳಿ ಹಾಕಿ ಸೀಗಡಿ ಸಾರಿನ ಜೊತೆ ಕೊಡುತ್ತಾರಂತೆ, ಹಲ್ಲಿಲ್ಲದ ತನ್ನ ಅಜ್ಜಿ ಕೂಡ ತಿನ್ನುತ್ತಿದ್ದಳಂತೆ. ಸೀಗಡಿ ಎಂದರೆ ಇವರು ಪ್ರಾಣ ಬಿಡುತ್ತಿದ್ದರು. ಥೆರಪಿಸ್ಟ್ ಹುಡುಗಿಗೆ ಫೋನ್ ಮಾಡಿದೆ. ಮುಳ್ಳುಚಮಚದಲ್ಲಿ ಒತ್ತಿದರೆ ಬಿಡಿಬಿಡಿಯಾಗಬೇಕು, ಸಾರು ಹಾಕಿ ತೇವವಾಗಿರಬೇಕು, ಸೀಗಡಿಯನ್ನು ಸಣ್ಣಗೆ ಕೊಚ್ಚಬೇಕು, ಅವರು ಅದಕ್ಕೆ ಬೆರೆಸುವ ಹುರಿದ ಹಂದಿ ಚರ್ಮದ ಚೂರು ಖಂಡಿತ ಬೇಡ, ತುತ್ತು ತುತ್ತಿಗೂ ಅಗಿಯಬೇಕು ಎಂದಳು. ಎಲ್ಲಕ್ಕೂ ಆಯಿತು ಎಂದೆ.

ಭಾನುವಾರ ಬೆಳಿಗ್ಗೆ ಐರಿಸ್ ತನ್ನ ಮರದ ಒರಳು, ಕುಟ್ಟುವ ಕೋಲು ಹಿಡಿದು ನಮ್ಮ ಅಡುಗೆಮನೆಗೆ ಬಂದಳು. ಬಾಳೆಕಾಯಿ ನಮ್ಮವಕ್ಕಿಂತ ದೊಡ್ಡವು, ಸಿಪ್ಪೆಯೂ ಗಡುಸು. ಸೊನೆ ಅಂಟದಂತೆ ಕೈಗೆ ಎಣ್ಣೆ ಸವರಿಕೊಂಡು, ಉದ್ದಕ್ಕೆ ಗೀರಿ ಸಿಪ್ಪೆ ತೆಗೆದೆ. ಅವಳು ಹುರಿಯಬೇಕು ಎಂದಳು, ನಾನು ಬೇಯಿಸಬೇಕು ಎಂದೆ. ಬೇಯಿಸಿದರೆ ಅದು ಮೊಫೊಂಗೊ ಅಲ್ಲ ಎಂದು ಮುಖ ಊದಿಸಿದಳು. ಕೊನೆಗೆ ಸಣ್ಣ ಉರಿಯಲ್ಲಿ ಕೆಂಪಾಗದ ಹಾಗೆ ಹುರಿದು, ಸೀಗಡಿಯ ಸಿಪ್ಪೆ ಕುದಿಸಿದ ನೀರಿನಲ್ಲಿ ಮೆತ್ತಗಾಗುವವರೆಗೆ ನೆನೆಸುವುದು ಎಂದು ರಾಜಿ ಆಯಿತು. ಅವಳು ಬೆಳ್ಳುಳ್ಳಿ ಉಪ್ಪು ಹಾಕಿ ಕುಟ್ಟಿದಳು. ನಾನು ಸೀಗಡಿಯನ್ನು ಟೊಮೇಟೊ, ಕೊತ್ತಂಬರಿ ಸೊಪ್ಪಿನ ಜೊತೆ ಬೇಯಿಸಿ ನುಣ್ಣಗೆ ಕೊಚ್ಚಿದೆ. ಒಂದು ಚೂರನ್ನು ಮುಳ್ಳುಚಮಚದಲ್ಲಿ ಒತ್ತಿ ನೋಡಿದೆ. ಬಿಡಿಬಿಡಿಯಾಯಿತು.

ಒರಳಿನಲ್ಲಿದ್ದದ್ದನ್ನು ನೋಡಿದಾಗಲೇ ನನಗೆ ಒಂದು ಅಳುಕು ಬಂತು. ಬಣ್ಣ ಬೇರೆ, ಉಳಿದಂತೆ ಥೇಟ್ ಮುದ್ದೆ. ಹಾಗಾಗಿ ಅದನ್ನು ತಟ್ಟೆಯ ಮೇಲೆ ತೆಳ್ಳಗೆ ಹರಡಿ, ಸಾರು ಸುರಿದು, ಚಮಚ ಇಟ್ಟು ಕೊಡಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಐರಿಸ್‌ಗೆ ಹೇಳಲಿಲ್ಲ. ಮುದ್ದೆ ಎಂದರೇನು, ಅದನ್ನು ಏಕೆ ಅಗಿಯುವುದಿಲ್ಲ ಎಂದು ಅವಳಿಗೆ ಎಲ್ಲಿಂದ ಶುರು ಮಾಡಿ ತಿಳಿಸಲಿ?

ಅಷ್ಟರಲ್ಲಿ ಮಧುರಾ ಕೂಗಿದಳು. ಅಪ್ಪನನ್ನು ಟೇಬಲ್ಲಿಗೆ ಕರೆತರುತ್ತಿದ್ದಳು, ಇವರ ಕಾಲು ಕಾರ್ಪೆಟ್ಟಿನ ಅಂಚಿಗೆ ತಗುಲಿ ವಾಲಿದ್ದರು. ಓಡಿಹೋಗಿ ಎಡಗಡೆ ಹಿಡಿದುಕೊಂಡೆ. ಇಬ್ಬರೂ ಸೇರಿ ನಿಧಾನಕ್ಕೆ ನಡೆಸಿ ತಂದು ಕೂರಿಸಿದೆವು. ತಲೆ ಎತ್ತಿ ನೋಡುತ್ತೇನೆ, ಐರಿಸ್ ಬಡಿಸಿಯೇ ಬಿಟ್ಟಿದ್ದಳು. ಬಟ್ಟಲಿಗೆ ಒತ್ತಿ, ತಟ್ಟೆಯ ನಡುವೆ ಮಗುಚಿ, ಸುತ್ತ ಕೆಂಪು ಸಾರು ಹುಯ್ದಿದ್ದಳು. ಅವರ ಮನೆಯಲ್ಲಿ ಅತಿಥಿಗೆ ಕೊಡುವುದೇ ಹಾಗಂತೆ.

ಒಡೆದು ಹರಡಿಬಿಡಲೆಂದು ತಟ್ಟೆಗೆ ಕೈ ಹಾಕಿದೆ, ಹಾಕಿದವಳು ಇವರ ಮುಖ ನೋಡಿ ನಿಂತುಬಿಟ್ಟೆ. ಆ ಮುಖಕ್ಕೆ ಜೀವ ಬಂದಿತ್ತು. ಇಷ್ಟು ತಿಂಗಳು ಯಾವ ತಟ್ಟೆಯನ್ನೂ ಹಾಗೆ ನೋಡಿರಲಿಲ್ಲ. ಅದನ್ನು ಕಿತ್ತುಕೊಳ್ಳಲು ನನ್ನ ಕೈಯಲ್ಲಿ ಆಗಲಿಲ್ಲ. ಚಮಚ ಹಿಡಿಸಿ, ಸ್ವಲ್ಪ ಸ್ವಲ್ಪ, ಅಗಿದು ತಿನ್ನಿ ಎಂದು ಹೇಳಿದೆ. ತಲೆಯಾಡಿಸಿದರು.

ಚಮಚವನ್ನು ಪಕ್ಕಕ್ಕಿಟ್ಟು ಬಲಗೈ ಹಾಕಿದರು. ಒಂದು ತುಣುಕು ಮುರಿದರು, ಬೆರಳಲ್ಲೇ ಉರುಟು ಮಾಡಿದರು, ಸಾರಿನಲ್ಲಿ ಅದ್ದಿ ಬಾಯಿಗೆ ಎಸೆದುಕೊಂಡರು. ದವಡೆ ಅಲ್ಲಾಡಲಿಲ್ಲ. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. ಕೆಮ್ಮು ಇಲ್ಲ. ಐರಿಸ್ ಚಪ್ಪಾಳೆ ತಟ್ಟಿದಳು. "ಅಪ್ಪಾ, ಚ್ಯೂ ಮಾಡು, ಪ್ಲೀಸ್" ಎಂದಳು ಮಧುರಾ. ನಾನು ಅಗೀರಿ ಅಗೀರಿ ಎನ್ನುತ್ತಲೇ ಇದ್ದೆ. ಇವರಿಗೆ ಕೇಳಿಸುತ್ತಲೇ ಇರಲಿಲ್ಲ. ಎರಡನೆಯದೂ ಹಾಗೇ ಹೋಯಿತು. ಹೆದರಿಕೆಯ ನಡುವೆಯೂ ನನಗೆ ಎಂಥ ಸಂತೋಷವಾಯಿತೆಂದರೆ, ಕೈ ಹಿಡಿದು ತಡೆಯಬೇಕಾದವಳು ನೋಡುತ್ತ ನಿಂತೆ.

ಮೂರನೆಯದು ದೊಡ್ಡದಿತ್ತು. ಬಾಯಿಗೆ ಹೋಯಿತು, ಗಂಟಲ ಗಂಟು ಮೇಲೆ ಹೋಯಿತು, ಅಲ್ಲೇ ನಿಂತಿತು.

ಕೆಮ್ಮು ಬರಲಿಲ್ಲ. ಕೆಮ್ಮಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಸದ್ದೇ ಇಲ್ಲದೆ ಬಾಯಿ ತೆರೆದರು, ಕಣ್ಣು ದೊಡ್ಡವಾದವು, ಬಲಗೈ ಟೇಬಲ್ಲನ್ನು ಗುದ್ದಿತು, ತುಟಿ ಕಪ್ಪಗಾಗತೊಡಗಿತು. ಮಧುರಾ ನೈನ್ ಒನ್ ಒನ್ ಒತ್ತಿ ಅಡ್ರೆಸ್ ಹೇಳುತ್ತಿದ್ದಳು. ಐರಿಸ್ ಇವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನ ನಡುವೆ ಅಂಗೈಯಿಂದ ಗುದ್ದಿದಳು. ಏನೂ ಆಗಲಿಲ್ಲ. ಇಬ್ಬರೂ ಸೇರಿ ಎಬ್ಬಿಸಿ ನಿಲ್ಲಿಸಿದೆವು. ಹಿಂದಿನಿಂದ ತಬ್ಬಿಕೋ, ಮುಷ್ಟಿ ಹೊಟ್ಟೆಗಿಟ್ಟು ಒಳಕ್ಕೆ ಮೇಲಕ್ಕೆ ಎಳೆ ಎಂದು ಐರಿಸ್ ನನಗೆ ಅರಚಿ ಹೇಳಿದಳು. ಮೊದಲಾಗಿದ್ದರೆ ನನ್ನ ಕೈ ಇವರ ಸುತ್ತ ಸಾಲುತ್ತಿರಲಿಲ್ಲ. ಈಗ ಸಾಲಿತು. ಅಂಗಿಯ ಒಳಗೆ ಮೂಳೆಯೇ ಸಿಕ್ಕಿತು. ಎಳೆದೆ. ಮತ್ತೆ ಎಳೆದೆ. ದೇವರನ್ನು ಕರೆದೆನೋ ಬೈದೆನೋ ನನಗೆ ನೆನಪಿಲ್ಲ. ಇವರ ಕಾಲು ಕುಸಿಯುತ್ತ ಬಂತು, ಇಡೀ ಭಾರ ನನ್ನ ಮೇಲೆ ಬಿತ್ತು. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದೆ.

ಟೇಬಲ್ಲಿನ ಮೇಲೆ ಏನೋ ಬಿತ್ತು. ಆಮೇಲೆ ಉಸಿರಿನ ಸದ್ದು ಬಂತು, ಆಮೇಲೆ ಕೆಮ್ಮು. ಉಂಡೆ ಹೋದ ಹಾಗೇ ಹೊರಗೆ ಬಂದಿತ್ತು. ಹಲ್ಲು ತಾಗಿದ ಒಂದು ಗುರುತೂ ಅದರ ಮೇಲಿರಲಿಲ್ಲ.

ಆಂಬುಲೆನ್ಸಿನವರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಬೆರಳಿಗೆ ಕ್ಲಿಪ್ ಹಾಕಿ ನೋಡಿ, ಸದ್ಯಕ್ಕೆ ಭಯವಿಲ್ಲ, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದು ಹೇಳಿ ಹೋದರು. ಅವರು ಹೋಗುವವರೆಗೆ ತಡೆದುಕೊಂಡಿದ್ದೆ. ಬಾಗಿಲು ಹಾಕಿದ್ದೇ ತಡ, ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. ಅಷ್ಟು ಸಲ ಬಡಕೊಂಡೆನಲ್ಲ, ಒಂದು ಸಲ ದವಡೆ ಅಲ್ಲಾಡಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಸಾಯಬೇಕೆಂದಿದ್ದರೆ ನನ್ನ ಕೈಯ ಅಡುಗೆಯೇ ಬೇಕಿತ್ತೇ ಎಂದೆಲ್ಲ ಅಂದೆ. ಐರಿಸ್ ಮೂಲೆಯಲ್ಲಿ ನಿಂತು ತನ್ನದೇ ತಪ್ಪು ಎಂದು ಅಳುತ್ತಿದ್ದಳು. ಅವಳ ಮೇಲೂ ರೇಗಿದೆ, ನಿನ್ನದೇನೂ ತಪ್ಪಿಲ್ಲ, ಸುಮ್ಮನಿರು ಎಂದು. ಕೊನೆಗೆ ಮಗಳ ಕಡೆ ತಿರುಗಿ ಹೇಳಿದೆ.

"ನೀನು ಹೇಳಿದ್ದೇ ಸರಿ ಕಣೆ. ಪೈಪ್ ಹಾಕಿಸಿಬಿಡೋಣ. ಉಣ್ಣದೇ ಇದ್ರೂ ಪರವಾಗಿಲ್ಲ, ನನ್ನ ಕಣ್ಣೆದುರಿಗೆ ಇದ್ರೆ ಸಾಕು."

ಅದು ಸಿಟ್ಟಿನ ಮಾತಾಗಿರಲಿಲ್ಲ. ನಾನು ನಿಜವಾಗಿ ಸೋತಿದ್ದೆ. ಮಧುರಾ ನನ್ನ ಹೆಗಲ ಮೇಲೆ ತಲೆಯಿಟ್ಟಳು. ತಟ್ಟೆ ಎತ್ತಿಕೊಂಡು ಕಸದ ಡಬ್ಬಿಯ ಕಡೆ ಹೊರಟೆ. ಇವರ ಪಕ್ಕ ಹಾದು ಹೋಗುವಾಗ ಬಲಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

"ಬಿಸಾಕ್ಬೇಡ ಹೊನ್ನಿ."

ಎಷ್ಟೋ ವಾರಗಳ ಮೇಲೆ ನನ್ನ ಹೆಸರು ಹಿಡಿದು ಆಡಿದ ಮಾತು. ತೊದಲಿತ್ತು, ಗಂಟಲು ಕೆರೆದು ಒಡಕಾಗಿತ್ತು. ಮಧುರಾ ತಲೆ ಎತ್ತಿದಳು. ನಾನು ಕೈ ಬಿಡಿಸಿಕೊಳ್ಳಲು ನೋಡಿದೆ, ಇವರು ಬಿಡಲಿಲ್ಲ.

"ಮುದ್ದೆ ಅಂತ್ಲೇ ತಿಂದೆ ಕಣೆ. ಗೊತ್ತೇ ಆಗ್ಲಿಲ್ಲ." ಉಸಿರು ತೆಗೆದುಕೊಂಡರು. "ಪೈಪ್ ಬ್ಯಾಡ. ಅಗೀತೀನಿ. ಹೇಳ್ಕೊಡು."

ಹೇಳಿಕೊಡು ಎಂಬ ಮಾತನ್ನು ಇವರ ಬಾಯಲ್ಲಿ ನಾನು ಮದುವೆಯಾದ ಮೇಲೆ ಒಂದು ಸಲವೂ ಕೇಳಿರಲಿಲ್ಲ. ಮಧುರಾ ಬೇಡ ಎಂದಳು, ಇವತ್ತು ಸಾಕು ಎಂದಳು. ಅವಳು ಹೇಳಿದ್ದೂ ನ್ಯಾಯವೇ. ನನಗೂ ಜೀವ ಕೈಯಲ್ಲಿ ಹಿಡಿದ ಹಾಗಿತ್ತು. ಇವರು ಹೊತ್ತಾಗಲಿ, ಕಾಯುತ್ತೇನೆ ಎಂಬಂತೆ ತಟ್ಟೆಯ ಮುಂದೆ ಕೂತೇ ಇದ್ದರು. ಥೆರಪಿಸ್ಟ್ ಹುಡುಗಿಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೊದಲು ಬೈದಳು. ಉಸಿರು ಪೂರ್ತಿ ಹತೋಟಿಗೆ ಬಂದ ಮೇಲೆ, ಕಡಲೆಕಾಳಿನಷ್ಟು, ಪಕ್ಕದಲ್ಲೇ ಕೂತು ಕೊಡಿ ಎಂದಳು.

ಸಂಜೆ ಬಿಸಿಲು ಅಡುಗೆಮನೆಗೆ ಬಂದಾಗ ಇವರ ಎದುರು ಕುರ್ಚಿ ಎಳೆದುಕೊಂಡು ಕೂತೆ. ತಟ್ಟೆಯಲ್ಲಿದ್ದದ್ದನ್ನು ಬಿಸಿ ಸಾರು ಹಾಕಿ ಚೆನ್ನಾಗಿ ಕಲಸಿದೆ, ಆಕಾರವೇ ಇಲ್ಲದ ಹಾಗೆ. ಅವರಿಗೆ ಚಮಚದ ತುದಿಯಷ್ಟು ಕೊಟ್ಟೆ, ನಾನೂ ಅಷ್ಟನ್ನು ಬಾಯಿಗೆ ಹಾಕಿಕೊಂಡೆ. ಮುದ್ದೆಯಂಥದ್ದನ್ನು ಅಗಿದು ನನಗೆ ಮಾತ್ರ ಎಲ್ಲಿ ಅಭ್ಯಾಸವಿತ್ತು? ನಾಲಿಗೆ ಅದನ್ನು ಹಿಂದಕ್ಕೆ ತಳ್ಳಿಬಿಡಲು ನೋಡಿತು. ತಡೆದು, ಇವರಿಗೆ ಕಾಣಲೆಂದು ಬಾಯಿ ದೊಡ್ಡದಾಗಿ ಆಡಿಸುತ್ತ ಅಗಿದೆ. ಇವರು ನನ್ನ ದವಡೆಯನ್ನೇ ನೋಡುತ್ತ ತಮ್ಮ ದವಡೆ ಅಲ್ಲಾಡಿಸಿದರು. ಒಂದು ಕಡೆ ಬಾಯಿ ಇನ್ನೂ ಸೊಟ್ಟ, ಸಾರು ತುಟಿಯ ಅಂಚಿನಿಂದ ಇಳಿಯಿತು, ಒರೆಸಿದೆ. ನಾಚಿಕೆಯಿಂದ ಕಣ್ಣು ತಗ್ಗಿಸಿದರು, ಅಗಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಗುರುವಾರ ತೂಕ ಇಳಿದಿರಲಿಲ್ಲ, ಡಾಕ್ಟರು ಪೈಪಿನ ಮಾತನ್ನು ಮುಂದಕ್ಕೆ ಹಾಕಿದರು ಎಂಬುದೆಲ್ಲ ಆಮೇಲಿನ ಸಂಗತಿ. ಆ ಸಂಜೆ ನಮಗೆ ಅದೇನೂ ಗೊತ್ತಿರಲಿಲ್ಲ. ಮಧುರಾ ಫೋನ್ ಕೈಯಲ್ಲೇ ಹಿಡಿದು ನಿಂತಿದ್ದಳು. ನಾನು ಎರಡು ಬೆರಳು ಇವರ ಗಂಟಲ ಮೇಲಿಟ್ಟು ಕಾಯುತ್ತಿದ್ದೆ. ಗದ್ದ ಎದೆಗೆ ತಾಗಿಸಿದರು. ಬೆರಳ ಕೆಳಗೆ ಗಂಟು ಮೇಲೆ ಹೋಯಿತು, ತಡೆಯಿತು, ನಿಧಾನವಾಗಿ ಕೆಳಗೆ ಬಂತು.

"ಇಳೀತಾ?" ಎಂದು ಕೇಳಿದರು.

"ಇಳೀತು ಕಣ್ರೀ" ಎಂದೆ. ಇವರು ಬಾಯಿ ತೆರೆದರು, ನಾನು ಇನ್ನೊಂದು ಚಮಚ ಕೊಟ್ಟೆ.