ಗಾಜಿಗೆ ಹಚ್ಚಿದ ತಂಬಾಕು

ಆರೋಗ್ಯ ಇಲಾಖೆಯ ಜೀಪಿನಲ್ಲಿ ಸವಣೂರಿಗೆ ಹೊರಟಿದ್ದೆ. ತಂಬಾಕಿನ ಕೆಡುಕಿನ ಬಗ್ಗೆ ಭಾಷಣ ಮಾಡುವವನು ನಾನೇ. ಹಾಗಾಗಿ ಡ್ರೈವರ್ ಇಮಾಮಸಾಬರ ತಂಬಾಕಿನ ಚೀಲವನ್ನು ಹಾನಗಲ್ಲಿನಲ್ಲೇ ಬಿಸಾಡಿಸಿದ್ದೆ. ದಾರಿಯಲ್ಲಿ ಮಳೆ ಜಡಿಯಿತು, ವೈಪರ್ ಕೈಕೊಟ್ಟಿತು.

"ತಂಬಾಕು ತೋಯಿಸಿ ಗಾಜಿಗೆ ತಿಕ್ಕಿದ್ರ ಹನಿ ನಿಲ್ಲಂಗಿಲ್ರಿ ಸಾಹೇಬ್ರ. ಆದ್ರ ಚೀಲ ನೀವ ಒಗಸೀರಲ್ಲಾ," ಎಂದರು.

ನಿಜವೇ? ಕುತೂಹಲ ತಡೆಯಲಾಗಲಿಲ್ಲ. ಕೋಟಿನ ಒಳಕಿಸೆಯಿಂದ ನನ್ನ ಚೀಲ ತೆಗೆದುಕೊಟ್ಟೆ. ಅವರು ಇಳಿದು, ತಂಬಾಕು ತೋಯಿಸಿ ತಿಕ್ಕಿದರು. ಹನಿಗಳೆಲ್ಲ ತೆಳ್ಳಗೆ ಹರಿದುಹೋಗಿ ರಸ್ತೆ ಕಂಡಿತು! ನಾನೂ ಇಳಿದು ಗಾಜನ್ನು ಮುಟ್ಟಿ ನೋಡಿದೆ.

ಸವಣೂರಿನಲ್ಲಿ ಎಂದಿನಂತೆ ಶುರುಮಾಡಿದೆ: "ತಂಬಾಕಿನಿಂದ ಯಾವ ಉಪಯೋಗಾನೂ ಇಲ್ಲ..."

ಹಿಂದಿನ ಸಾಲಿನಲ್ಲಿ ಇಮಾಮಸಾಬರು ಕೆಮ್ಮಿದರು.

"ಗಾಜಿಗೆ ತಿಕ್ಕೋದು ಬಿಟ್ಟು," ಎಂದು ಸೇರಿಸಿದೆ.

ಅವರು ತಲೆಯಾಡಿಸಿದರು. ಬಾಯಲ್ಲಿ ನನ್ನ ಚೀಲದ್ದೇ ತಂಬಾಕು ಇತ್ತು.