ಮರದ ಮೇಲಿಂದ ಬಂದ ಅರ್ಧ ಜಪ

ನಾನು ಚಿಕ್ಕವನಿದ್ದಾಗ ನಮ್ಮಪ್ಪ ನಿದ್ದೇಲೂ ಜಪ ಮಾಡ್ತಿದ್ದ. ತಮಾಷೆಗೆ ಹೇಳ್ತಿಲ್ಲ ಕಣ್ರೋ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೇಲಿ ಜಪಸರ. ಅಂದ್ರೆ ಮಣಿ ಸರ ಹಿಡ್ಕೊಂಡು ಒಂದೊಂದು ಮಣಿಗೆ ಒಂದೊಂದು ಸಲ ಯೇಸು ಸ್ವಾಮಿ ತಾಯಿ ಮರಿಯಮ್ಮನೋರಿಗೆ ಜಪ. ಮೊದಲರ್ಧ ಒಬ್ಬರು ಹೇಳಬೇಕು, ಉಳಿದರ್ಧ ಮಿಕ್ಕೋರೆಲ್ಲ ಹೇಳಬೇಕು. ನಮ್ಮನೇಲಿ ಮೊದಲರ್ಧ ಯಾವಾಗ್ಲೂ ಅಕ್ಕಂದು. ಅದೇ ಅಕ್ಕ, ಈಗ ನಿಮ್ಮಜ್ಜಿ. ನಂಗಿನ್ನೂ ಐವತ್ತು ತುಂಬಿಲ್ಲ, ಆದ್ರೂ ಅವಳ ಮೊಮ್ಮಕ್ಕಳು ನೀವು ಅನ್ನೋ ಒಂದೇ ಕಾರಣಕ್ಕೆ ನಾನೂ ತಾತ ಆಗ್ಬಿಟ್ಟೆ, ಬಿಡಿ.

ಅಪ್ಪ ಗೋಡೆಗೆ ಒರಗಿ ಕೂತರೆ ಜಪ ಶುರುವಾಗಿ ಸ್ವಲ್ಪ ಹೊತ್ತಿಗೇ ಗೊರಕೆ. ಆದ್ರೆ ಅಕ್ಕ ತನ್ನರ್ಧ ಮುಗಿಸಿ ನಿಲ್ಲಿಸಿದ ತಕ್ಷಣ ಗೊರಕೆ ನಿಂತು, ಕಣ್ಣು ಮುಚ್ಚಿದ ಹಾಗೇ ಅಪ್ಪನ ಬಾಯಿ ಉಳಿದರ್ಧ ಒಪ್ಪಿಸ್ತಿತ್ತು. ಒಂದು ಮಾತೂ ತಪ್ಪಲ್ಲ. ಆಮೇಲೆ ಮತ್ತೆ ಗೊರಕೆ. ಅವ್ವ ಉರ್ಕೊಳ್ಳೋಳು. "ಥೂ, ನಿನ್ ಗೊರ್ಕೆ ಕೇಳ್ಕಂಡು ಮರಿಯಮ್ಮನೋರು ಮನೆ ಬುಟ್ಟು ಓಡೋಯ್ತಾರೆ ಅಷ್ಟೇಯ."

"ಬಾಯಿ ಎದ್ದದಲ್ಲ ಕಣಮ್ಮಿ, ಸಾಕ್ ಬುಡು," ಅನ್ನೋನು ಅಪ್ಪ.

ಟಿ. ನರಸೀಪುರದಿಂದ ಸ್ವಲ್ಪ ದೂರ, ಕಪಿಲಾ ಹೊಳೆ ದಂಡೇಲಿ ನಮ್ಮೂರು. ಕ್ರೈಸ್ತರ ಮನೆ ನಾಕೋ ಐದೋ ಇದ್ವು. ಅಪ್ಪನ ಕೆಲಸ ತೆಂಗಿನಮರ ಹತ್ತೋದು. ಎದೆಯ ಚರ್ಮ ಮರದ ತೊಗಟೆ ಥರಾನೇ ಒರಟು. ಹತ್ತಿರ ಹೋದ್ರೆ ನಾರು, ಬೆವರು, ಬೀಡಿ ಮೂರೂ ಸೇರಿದ ವಾಸನೆ. ಆ ವಾಸನೆ ಬಂದ್ರೆ ನಂಗೆ ನಿದ್ದೆ ಬರ್ತಿತ್ತು.

ಈಸ್ಟರ್‌ಗೆ ಒಂದು ವಾರ ಮುಂಚೆ ಗರಿಗಳ ಭಾನುವಾರ ಬರುತ್ತಲ್ಲ, ಯೇಸು ಸ್ವಾಮಿ ಕತ್ತೆ ಮೇಲೆ ಊರೊಳಗೆ ಬಂದಾಗ ಜನ ಗರಿ ಬೀಸಿದ್ರು ಅಂತ ನೆನೆಸ್ಕೊಳ್ಳೋ ದಿನ, ಅವತ್ತಿಗೆ ನರಸೀಪುರದ ಚರ್ಚಿಗೆ ಎಳೇ ತೆಂಗಿನ ಗರಿ ಕೊಡೋನು ನಮ್ಮಪ್ಪ. ಅವನಪ್ಪನೂ ಕೊಡ್ತಿದ್ದನಂತೆ. ದೊಡ್ಡ ಕಾಣಿಕೆ ಹಾಕೋಕೆ ನಮ್ಮ ಹತ್ರ ಏನಿತ್ತು ಮಣ್ಣು? ಅವತ್ತು ಎಲ್ಲರ ಕೈಲೂ ಅಪ್ಪ ಕಡಿದ ಗರಿ ಆಡ್ತಿದ್ರೆ ನಾನು ಎದೆ ಉಬ್ಬಿಸ್ಕೊಂಡು ನಿಲ್ತಿದ್ದೆ.

ಒಂದು ವರ್ಷ ಮಳೆಗಾಲದಲ್ಲಿ ಅಪ್ಪ ಮರದಿಂದ ಬಿದ್ದ. ಪಾಚಿ ಕಟ್ಟಿದ ಮರ, ಕಾಲು ಜಾರ್ತು. ಮೈಸೂರಿನ ಆಸ್ಪತ್ರೇಲಿ ಕಾಲಿಗೆ ಪಟ್ಟಿ ಹಾಕಿದ್ರು, ದೀಪಾವಳಿ ಹೊತ್ತಿಗೆ ಬಿಚ್ಚಿದ್ರು. ಮೂಳೆ ಕೂಡ್ತು, ಕುಂಟೂ ಉಳೀಲಿಲ್ಲ. ಆದ್ರೆ ಅಪ್ಪ ಮರ ಮಾತ್ರ ಹತ್ತಲಿಲ್ಲ. ದಿನಾ ಬೆಳಗ್ಗೆ ಮರ ಹತ್ತೋ ಹಗ್ಗ ಹೆಗಲಿಗೆ ಹಾಕ್ಕೊಂಡು ತೋಟಕ್ಕೆ ಹೋಗೋನು. ಮರದ ಬುಡ ಮುಟ್ಟೋನು, ಮೇಲೆ ನೋಡೋನು, ವಾಪಸ್ ಬರೋನು. ಬೇರೆಯೋರು ಕಿತ್ತ ಕಾಯಿ ಸುಲಿಯೋಕೆ ಕೂರೋನು. ಅವ್ವನ ಕೂಲೀಲೇ ಒಲೆ ಉರೀತಿತ್ತು. ಒಂದ್ಸಲ ಅವ್ವ ಕೇಳಿದ್ದಕ್ಕೆ, "ಕಾಲೇನೋ ಕೂಡ್ಕಂತು ಕಣಮ್ಮಿ, ಎದೆ ಕೂಡ್ಕತಿಲ್ಲ," ಅಂದ. ಆಮೇಲೆ ಯಾರೂ ಕೇಳಲಿಲ್ಲ.

ಗರಿ ಭಾನುವಾರ ಹತ್ರ ಬಂತು. ಚರ್ಚಿನ ಹಿರಿಯರೊಬ್ಬರು ಅಪ್ಪನ ಭುಜದ ಮೇಲೆ ಕೈ ಇಟ್ಟು, "ಈ ಸಲ ಗರಿ ನಂಜನಗೂಡಿಂದ ತರಿಸ್ತೀವಪ್ಪ, ನೀನು ಆರಾಮಾಗಿರು," ಅಂದ್ರು. ಪಾಪ, ಒಳ್ಳೇ ಮನಸ್ಸಿಂದಾನೇ ಅಂದಿದ್ದು. ಬೈದಿದ್ರೆ ಅಪ್ಪ ತಡ್ಕೋತಿದ್ದ. ಬಸ್ಸಲ್ಲಿ ಮನೆ ತಲುಪೋವರೆಗೂ ಕಿಟಕಿ ಕಡೆಯಿಂದ ಮುಖ ತಿರುಗಿಸಲಿಲ್ಲ.

ಶನಿವಾರ ಬೆಳಗ್ಗೆ ಹಗ್ಗ, ಮಚ್ಚು ತಗೊಂಡು ಹೊರಟ. ಅವ್ವ ಆಗ್ಲೇ ಕೂಲಿಗೆ ಹೋಗಿದ್ಳು. ಅಕ್ಕ ನನ್ನ ಕೈ ಹಿಡ್ಕೊಂಡು ಹಿಂದೇನೇ ಓಡಿದ್ಳು. ಹೊಳೆ ಪಕ್ಕದ ತೋಟದ ಯಜಮಾನ್ರು ಹಣೆ ತುಂಬ ವಿಭೂತಿ ಬಳ್ಕೊಂಡು ಕಾಲುವೇಲಿ ನೀರು ತಿರುಗಿಸ್ತಾ ಇದ್ರು. ಎಳೇ ಸುಳಿ ಕಡಿದ್ರೆ ತೆಂಗು ಉಳಿಯೋದು ಕಷ್ಟ, ಹಾಗಾಗಿ ಹೇಗೂ ಕಡಿಸಬೇಕು ಅಂತಿದ್ದ ಮುದಿ ಮರವನ್ನೇ ಅವರು ಪ್ರತಿ ವರ್ಷ ತೋರಿಸೋರು. ಆ ಸಲದ ಮರ ಇಡೀ ತೋಟಕ್ಕೇ ಎತ್ತರ. ತುದಿ ನೋಡೋಕೆ ನಾನು ಕತ್ತು ಪೂರ್ತಿ ಹಿಂದಕ್ಕೆ ಹಾಕಬೇಕಾಯ್ತು.

"ಬ್ಯಾಡ ಕಣ್ಲಾ," ಅಂದ್ರು ಯಜಮಾನ್ರು. "ನಿಮ್ ಯೇಸಪ್ಪ ಒಂದೊರ್ಸ ಗರಿ ಇಲ್ದೆ ಇದ್ರೆ ಬೇಜಾರ್ ಮಾಡ್ಕಳಕಿಲ್ಲ."

"ಅವ್ರ್ ಮಾಡ್ಕಳಕಿಲ್ಲ ಸಾ. ನಂಗೇ ಆಯ್ತದೆ," ಅಂದು ಅಪ್ಪ ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡು, ಮಚ್ಚು ಸೊಂಟಕ್ಕೆ, ಹಗ್ಗದ ಕುಣಿಕೆ ಕಾಲಿಗೆ ಸಿಕ್ಕಿಸಿ ಹತ್ತಿದ.

ಅರ್ಧದವರೆಗೆ ಸಲೀಸಾಗಿ ಹೋದ. ಅಲ್ಲಿ ಗಾಳಿಗೆ ಮರ ಒಂಚೂರು ತೂಗಿತು, ಅಷ್ಟೇ. ಅಪ್ಪ ನಿಂತುಬಿಟ್ಟ. ಎರಡೂ ಕೈಲಿ ಮರ ತಬ್ಕೊಂಡು, ಕೆನ್ನೆ ತೊಗಟೆಗೆ ಒತ್ತಿ, ಹಲ್ಲಿ ಥರ ಅಂಟಿಕೊಂಡ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಇಳ್ದ್ ಬಾರ್ಲಾ! ಮೆಲ್ಲುಕ್ಕೆ ಇಳ್ದ್ ಬಾ!" ಯಜಮಾನ್ರು ಕೂಗಿದ್ರು. ಅಪ್ಪನ ಕಾಲು ನಡುಗ್ತಿದ್ದಿದ್ದು ಕೆಳಗಿದ್ದ ನಮಗೂ ಕಾಣ್ತಿತ್ತು. ಮರದ ಹೊಟ್ಟು ಉದುರಿ ನನ್ನ ಕಣ್ಣಿಗೆ ಬಿತ್ತು. ಏಣಿ ತರೋಕೆ ಅಂತ ತೋಟದ ಆಳೊಬ್ಬ ಓಡಿದ, ಆದ್ರೆ ಆ ಎತ್ತರಕ್ಕೆ ಯಾವ ಏಣಿ ಎಟುಕುತ್ತೆ? ಕೈ ಸೋತರೆ ಮುಗೀತು. ನಾನು ಅಳೋಕೆ ಶುರು ಮಾಡ್ದೆ.

ಅಕ್ಕ ನನ್ನ ಬಾಯಿ ಮುಚ್ಚಿ ಮೇಲೆ ನೋಡಿ ಕೂಗಿದ್ಳು. "ಅಪ್ಪೋ, ಜಪಸರದ ಒತ್ತಾಯ್ತು!"

ಬೆಳಗಿನ ಬಿಸಿಲು ಸುಡ್ತಿದೆ, ಯಾವ ಜಪಸರ? ಇವಳಿಗೆ ತಲೆ ಕೆಟ್ಟಿದೆ ಅನ್ಕೊಂಡೆ. ಅವಳು ಶುರು ಮಾಡೇಬಿಟ್ಳು. ಮನೇಲಿ ಹೇಳೋ ಅದೇ ರಾಗ, ಅದೇ ಎಳೆತ. ತನ್ನರ್ಧ ಹೇಳಿ ನಿಲ್ಲಿಸಿದ್ಳು.

ಹೊಳೆ ಕಡೆ ಒಂದು ಕಾಗೆ ಕೂಗ್ತು. ಆಮೇಲೆ ಮೇಲಿಂದ ಸಣ್ಣ ದನಿ ಬಂತು. ಅಪ್ಪನ ಬಾಯಿ ಉಳಿದರ್ಧ ಹೇಳ್ತಿತ್ತು. ಕಣ್ಣು ಮುಚ್ಚೇ ಇತ್ತು, ಗೋಡೆಗೆ ಒರಗಿದಾಗಿನ ಹಾಗೇ.

ಅಕ್ಕ ಮತ್ತೆ ಹೇಳಿದ್ಳು. ಅಪ್ಪ ಮತ್ತೆ ಉತ್ತರ ಕೊಟ್ಟ, ಈ ಸಲ ಸ್ವಲ್ಪ ಗಟ್ಟಿಯಾಗಿ. ಮೂರನೇದಕ್ಕೆ ಕಾಲಿನ ನಡುಕ ನಿಂತಿತ್ತು. ಆಮೇಲೆ ಅವನ ಕಾಲಿನ ಹಗ್ಗ ಸರಕ್ ಅಂತ ಸರಿದಿದ್ದು ಕೇಳಿಸ್ತು. ಸರಿದಿದ್ದು ಮೇಲಕ್ಕೆ!

ಅಕ್ಕನ ಮುಖ ಬಿಳಿಚಿಕೊಳ್ತು. ಕೆಳಗಿಳಿಸೋಣ ಅಂತ ಅವಳು ಶುರು ಮಾಡಿದ್ದು. ಈಗ ಬಾಯಿ ನಿಲ್ಲಿಸಿದ್ರೆ ಅಪ್ಪ ನಿಂತುಬಿಡ್ತಾನೆ, ನಿಲ್ಲಿಸದಿದ್ರೆ ಹತ್ತುತಾನೆ. ಕಣ್ಣಲ್ಲಿ ನೀರು ಸುರಿಸ್ತಾ ಯಜಮಾನ್ರ ಕಡೆ ನೋಡಿದ್ಳು. ಅವರು ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ಕಂಕುಳಲ್ಲಿ ಇಟ್ಕೊಂಡು, "ಜಪ ಏಳು ಮಗಾ, ನಿಲ್ಲುಸ್ಬ್ಯಾಡ," ಅಂದ್ರು. ಅಕ್ಕ ಹೇಳಿದ್ಳು, ದನಿ ನಡುಗ್ತಾ ಇದ್ರೂ ಹೇಳಿದ್ಳು. ನಾನೂ ಅಪ್ಪನ ಜೊತೆ ಉಳಿದರ್ಧ ಹೇಳ್ದೆ. ಯಜಮಾನ್ರಿಗೆ ಜಪ ಬರಲ್ಲ, ಕೊನೇಲಿ ಬರೋ ಆಮೆನ್ ಮಾತ್ರ ಹಿಡ್ಕೊಂಡ್ರು. ಅದನ್ನೂ ಒಂದ್ಸಲ ಮುಂಚೆ, ಒಂದ್ಸಲ ತಡವಾಗಿ, ಆದ್ರೆ ಎಲ್ಲರಿಗಿಂತ ಜೋರಾಗಿ.

ಆಮೇಲೆ ಮೇಲೆ ಮಚ್ಚಿನ ಸದ್ದು. ಕಚ್, ಕಚ್. ಬೆಣ್ಣೆ ಬಣ್ಣದ ಎಳೇ ಗರಿ ಕಂತೆ ಗಿರಗಿರ ತಿರುಗ್ತಾ ಬಂದು ಕಾಲುವೆ ಪಕ್ಕ ಬಿತ್ತು. ಹಸಿ ತೆಂಗಿನ ಸಿಹಿ ವಾಸನೆ ಎದ್ದಿತು.

ದೇವದೂತರು ರೆಕ್ಕೆ ಬಿಚ್ಕೊಂಡು ಬಂದು ಅಪ್ಪನ್ನ ಹಿಡ್ಕೊಂಡ್ರು ಅಂತ ನಾನು ಬುರುಡೆ ಬಿಡೋಕೆ ಹೋಗಲ್ಲ. ಯಾರೂ ಬರಲಿಲ್ಲ. ಅಪ್ಪನೇ ಹತ್ತಿದ, ಅಪ್ಪನೇ ಇಳಿದ. ಇಳಿದು ಮರದ ಬುಡದಲ್ಲಿ ಕೂತ, ಎದೆ ತರಚಿ ರಕ್ತ ಜಿನುಗ್ತಿತ್ತು. ಅಕ್ಕ ಅವನ ಬೆನ್ನಿಗೆ ಗುದ್ದೇ ಗುದ್ದಿದ್ಳು. "ಇಳಿ ಅಂದ್ರೆ ಅತ್ತೀಯಾ? ಅತ್ತೀಯಾ?"

ಅಪ್ಪ ನಗ್ತಾ ಗುದ್ದಿಸ್ಕೊಂಡ. ನಾನು ಕೇಳ್ದೆ, "ಭಯ ಹೋಯ್ತಾ ಅಪ್ಪ?"

"ಎಲ್ ಓಯ್ತದೆ ಮಗಾ? ನನ್ ಜೊತೇಲೇ ಮ್ಯಾಕ್ ಬಂತು, ನನ್ ಜೊತೇಲೇ ಇಳೀತು. ಅಲ್ ಮ್ಯಾಗೆ ನಾನ್ ಒಬ್ನೇ ಅಂತ ಅನ್ನುಸ್ಲಿಲ್ಲ, ಅಷ್ಟೇಯ."

ಮಾರನೇ ದಿನ ಚರ್ಚಲ್ಲಿ ನಂಜನಗೂಡಿನ ಗರಿ ಒಂದು ರಾಶಿ, ನಮ್ಮದೊಂದು ರಾಶಿ. ಆ ಹಿರಿಯರು ನಮ್ಮ ರಾಶಿಯಿಂದಾನೇ ಒಂದು ಗರಿ ಎತ್ಕೊಂಡ್ರು. ನಮ್ಮ ಗರೀಲಿ ಕೆಂಜಿಗದ ಇರುವೆ ತುಂಬಿತ್ತು ಅಂತ ಆಮೇಲೆ ಗೊತ್ತಾಯ್ತು. ಅರ್ಧ ಮೆರವಣಿಗೆ ಹೊಸಾನ್ನ ಅಂತ ಜೈಕಾರ ಹಾಡ್ತಾ ತೋಳು ಕೆರ್ಕೋತಾ ಹೋಯ್ತು. ಸೋಮವಾರದಿಂದ ಅಪ್ಪ ಕೆಲಸಕ್ಕೆ ಹತ್ತಿದ. ಪ್ರತಿ ಮರದ ಅರ್ಧದಲ್ಲೂ ಅವನ ತುಟಿ ಅಲ್ಲಾಡ್ತಿತ್ತು.

ಮಕ್ಕಳಾ, ನೀವು ಮೈಸೂರಲ್ಲಿ ಹುಟ್ಟಿದೋರು. ಮೊನ್ನೆ ರಜೇಲಿ ಯಾವುದೋ ರೆಸಾರ್ಟಲ್ಲಿ ಗೋಡೆ ಹತ್ತಿದ್ರಿ. ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್, ಭಯ ಆದ್ರೆ ಕೆಳಗಿಳಿಸೋಕೆ ಹಗ್ಗ ಹಿಡ್ಕೊಂಡ ಅಣ್ಣ. ಒಳ್ಳೇದೇ. ಅಪ್ಪಂಗೂ ಅದಿರಬೇಕಿತ್ತು ಅಂತ ಈಗ್ಲೂ ನಂಗೆ ಹೊಟ್ಟೆ ಉರಿಯುತ್ತೆ. ಗರಿ ಈಗ ಚರ್ಚಿಗೆ ಟೆಂಪೋದಲ್ಲಿ ಬರುತ್ತೆ, ಇರುವೆ ಗಿರುವೆ ಏನೂ ಇರಲ್ಲ.

ನಿನ್ನೆ ಸಂಜೆ ನಿಮ್ಮಜ್ಜಿ ಜಪಸರ ಹೇಳಿಸ್ತಿದ್ಳು. ದೊಡ್ಡೋನೇ, ದಿಂಬಿನ ಕೆಳಗೆ ನೀನು ಮೊಬೈಲ್ ಇಟ್ಕೊಂಡಿದ್ದು ನಾನು ನೋಡ್ದೆ, ಬಿಡು. ಪುಟ್ಟಿ, ನೀನು ನನ್ನ ತೊಡೆ ಮೇಲೆ ಬಾಯಿ ತೆಕ್ಕೊಂಡು ನಿದ್ದೆ ಹೊಡೀತಿದ್ದೆ. ಎಬ್ಬಿಸೋಣ ಅಂತ ಕೈ ಎತ್ತಿದ್ದೆ. ಅಷ್ಟರಲ್ಲಿ ಅಜ್ಜಿ ತನ್ನರ್ಧ ಹೇಳಿ ನಿಲ್ಲಿಸಿದ್ಳು. ನೀನು ಕಣ್ಣು ಬಿಡಲಿಲ್ಲ, ತುಟಿ ಅಲ್ಲಾಡ್ತು. ಉಳಿದರ್ಧ ಪೂರ್ತಿ ಹೇಳ್ದೆ ಕಣೇ, ಒಂದು ಮಾತೂ ತಪ್ಪದೆ.

ಅಕ್ಕ ನನ್ನ ಮುಖ ನೋಡಿದ್ಳು. ನಾನು ಎತ್ತಿದ ಕೈ ಇಳಿಸಿದೆ. ಅವಳು ಮುಂದಿನ ಮಣಿಗೆ ಬೆರಳು ಸರಿಸಿದ್ಳು.