ಕಲ್ಲಿನಾಥ ತನ್ನ ಅಂಗಡಿಯ ಮೌಲ್ಯ ಬರೆದದ್ದು

ಹುಮನಾಬಾದಿನಲ್ಲಿ ‘ಕಲ್ಲಿನಾಥ ಇಂಟೀರಿಯರ್ಸ್’ ಎಂಬ ಬೋರ್ಡು ಏರಿ ಹನ್ನೊಂದು ವರ್ಷವಾಯಿತು. ಮಾಲೀಕ ಕಲ್ಲಿನಾಥ ಹತ್ತಿರದ ಹುಡಗಿ ಎಂಬ ಊರಿನವನು. ಇಪ್ಪತ್ತರ ವಯಸ್ಸಿಗೆ ಹೈದರಾಬಾದಿಗೆ ಹೋಗಿ ಪಿಒಪಿ ಸೀಲಿಂಗ್ ಕೆಲಸ ಕಲಿತ. ಆರು ವರ್ಷ ಮೇಲೆ ನೋಡಿಕೊಂಡೇ ದುಡಿದದ್ದಕ್ಕೆ ಅವನ ಕುತ್ತಿಗೆ ಸ್ವಲ್ಪ ಹಿಂದಕ್ಕೆ ವಾಲಿ ಹಾಗೇ ನಿಂತುಬಿಟ್ಟಿತು. ಹೊಸಬರು ಕಂಡರೆ ‘ಎಷ್ಟು ಗರ್ವ ಈ ಮನುಷ್ಯನಿಗೆ’ ಎಂದುಕೊಳ್ಳುವರು. ಗರ್ವ ಇರಲಿಲ್ಲವೆಂದೂ ಅಲ್ಲ.

ಊರಿಗೆ ಮರಳಿದ ಮೇಲೆ ಬಸವಕಲ್ಯಾಣದ ಬಡಿಗ ವಜೀರ್‌ನನ್ನು ಜೊತೆ ಮಾಡಿಕೊಂಡ. ವಜೀರ್‌ನ ಮನೆತನದವರು ಅಜ್ಜನ ಕಾಲದಿಂದ ಬಾಗಿಲು, ಚೌಕಟ್ಟು ಮಾಡುವವರು. ಅವನ ಮಾತು ಕಡಿಮೆ, ಆದರೆ ಆಡಿದ್ದೆಲ್ಲ ನಿಜ. ಅದನ್ನು ಗಿರಾಕಿಯ ಮುಂದೆಯೇ ಆಡುತ್ತಿದ್ದ. ಹೀಗಾಗಿ ಗಿರಾಕಿ ಬಂದ ಕೂಡಲೇ ಕಲ್ಲಿನಾಥ ಅವನನ್ನು ಚಹಾ ಹೇಳಿ ಬರಲು ಕಳಿಸುತ್ತಿದ್ದ.

ಕಳೆದ ವರ್ಷ ಬಸವಕಲ್ಯಾಣದಲ್ಲಿ ಡಾಕ್ಟರ್ ರಾಜೇಶ್ವರಿ ಹೆರಿಗೆ ಆಸ್ಪತ್ರೆ ಕಟ್ಟಿಸಿದರು. ಒಳಗಿನ ಕೆಲಸ ಮಾಡುವವರಿಂದ ಅರ್ಜಿ ಕರೆದರು. ಕಲ್ಲಿನಾಥ ಎಲ್ಲ ಕಲಂ ತುಂಬಿದ. ಹಿಂದಿನ ಗಿರಾಕಿಗಳ ಹೆಸರು ಕೇಳಿದಲ್ಲಿ, ಆ ಊರಿನಲ್ಲಿ ಮಾತಿಗೆ ತೂಕವಿರುವವರೆಂದು, ನಿವೃತ್ತ ಹೆಡ್ ಟೀಚರ್ ಯಶೋದಾಬಾಯಿಯವರ ಹೆಸರು ಹಾಕಿದ. ಒಂಬತ್ತನೆಯ ಕಲಂ, ‘ನಿಮ್ಮ ಸಂಸ್ಥೆಯ ಮೌಲ್ಯಗಳ ಹೇಳಿಕೆ’. ಕಲ್ಲಿನಾಥ ಕಪಾಟು, ಸೀಲಿಂಗು, ಟಿವಿ ಗೋಡೆ ಎಲ್ಲದರ ದರ ಬರೆದು, ಕೆಳಗೆ ‘ಕುಳಿತು ಮಾತಾಡಿದರೆ ಮೌಲ್ಯ ಕಮ್ಮಿ ಮಾಡಿಕೊಳ್ಳಲಾಗುವುದು’ ಎಂದು ಸೇರಿಸಿ ಸಹಿ ಹಾಕಿದ.

ಎರಡನೆಯ ದಿನ ಡಾಕ್ಟರರ ಫೋನ್ ಬಂತು.

“ಕಲ್ಲಿನಾಥ ಅವರ, ನಾ ರೇಟ್ ಕೇಳಿಲ್ರಿ, ಮೌಲ್ಯ ಕೇಳೇನಿ.”

“ಎರಡೂ ಒಂದೇ ಅಲ್ಲೇನ್ರಿ ಮೇಡಂ?”

“ಅಲ್ರಿ. ನೀವು ಕೆಲಸದಾಗ ಏನೇ ಆದ್ರೂ ಬಿಡಂಗಿಲ್ಲ ಅನ್ನೂದು ಯಾವುದು? ಅದನ್ನ ಬರದು ಕೊಡ್ರಿ. ಹದಿನೈದು ದಿನ ಟೈಮ್ ಅದ.”

ಏನೇ ಆದರೂ ಬಿಡದ್ದು ಯಾವುದು ಎಂದು ಕಲ್ಲಿನಾಥ ಮಧ್ಯಾಹ್ನದವರೆಗೆ ಯೋಚಿಸಿದ. ಊಟದ ಹೊತ್ತು ಬಿಟ್ಟು ಬೇರೇನೂ ಹೊಳೆಯಲಿಲ್ಲ. ಎದ್ದು ಸಮ್ಯಕನ ಬಳಿ ಹೋದ.

ಸಮ್ಯಕ ಮೊದಲು ಮದುವೆ ಕಾರ್ಡು, ಚುನಾವಣೆ ಕರಪತ್ರ ಛಾಪಿಸುತ್ತಿದ್ದವನು. ಈಗ ಬಾಗಿಲ ಮೇಲೆ ‘ಬ್ರಾಂಡ್ ಸಲಹೆಗಾರರು’ ಎಂದು ಬರೆಸಿದ್ದ. ಫೋನಿನಲ್ಲಿ ಬೆರಳಾಡಿಸಿ ಅರ್ಧ ನಿಮಿಷದಲ್ಲಿ ಓದಿದ: “ಸಮಗ್ರತೆ, ಪಾರದರ್ಶಕತೆ, ಸುಸ್ಥಿರತೆ. ಸಮಯಪಾಲನೆಯೇ ನಮ್ಮ ಉಸಿರು. ಗ್ರಾಹಕರ ಅಗತ್ಯವೇ ನಮ್ಮ ಆದ್ಯತೆ. ನಾವು ನಿಮ್ಮ ಕನಸುಗಳ ಅವಕಾಶವನ್ನು ಮರುವ್ಯಾಖ್ಯಾನಿಸುತ್ತೇವೆ.”

“ಕಡೀದು ಏನಂದಿ? ಅದರ ಅರ್ಥ ಏನು?”

“ಅರ್ಥ ಆಗಬಾರದು, ಅಣ್ಣಾ. ಅರ್ಥ ಆದ್ರ ದೊಡ್ಡ ಕಂಪನಿ ಅನಸಂಗಿಲ್ಲ.”

ಈ ಮಾತು ಕಲ್ಲಿನಾಥನಿಗೆ ಪೂರ್ತಿ ಒಪ್ಪಿಗೆಯಾಯಿತು. ಡಾಕ್ಟರರಿಗೆ ಕೊಡಲು ಹೊಳೆಯುವ ಕಾಗದದ ಮೇಲೆ ಒಂದು ಪ್ರತಿ ಮಾಡಿಸಿದ. ಅದನ್ನೇ ಎಂಟು ಅಡಿಯ ಫ್ಲೆಕ್ಸ್ ಹೊಡೆಸಿ ಅಂಗಡಿಯ ಮೇಲೆ ಕಟ್ಟಿಸಿದ.

ವಜೀರ್ ಕೆಳಗೆ ನಿಂತು ನಿಧಾನವಾಗಿ ಓದಿದ. “ಕಲ್ಲಣ್ಣಾ, ಸಮಯಪಾಲನೆ ಉಸಿರು ಅಂದ್ರ, ನಮ್ಮ ಅಂಗಡಿ ಉಸಿರು ನಿಂತು ಮೂರು ತಿಂಗಳಾತು. ಹಳ್ಳಿಖೇಡದ ಅಡಿಗಿಮನಿ ದಸರಾಕ್ಕ ಮುಗಸ್ತೀವಿ ಅಂದಿದ್ವಿ.”

“ಅದು ಬ್ಯಾರೆ, ಇದು ಬ್ಯಾರೆ, ವಜೀರ್ ಭಾಯ್. ಇದು ಬೋರ್ಡು.”

ಫ್ಲೆಕ್ಸ್ ಏರಿದ ಮೂರನೆಯ ದಿನ ನಿರ್ಣಾ ಊರಿನ ಒಬ್ಬ ಗಿರಾಕಿ ಬಂದ. “ಪಾರದರ್ಶಕ ಅಂತ ಬರದೀರಲ್ಲ, ಗಾಜಿನ ಕೆಲಸ ಸುರು ಮಾಡೀರೇನ್ರಿ?” ಬಂದವರನ್ನು ಬರಿಗೈಲಿ ಕಳಿಸಿ ಗೊತ್ತಿಲ್ಲದ ಕಲ್ಲಿನಾಥ, “ಮಾಡ್ತೀವ್ರಿ, ಯಾಕ ಮಾಡಂಗಿಲ್ಲ!” ಅಂದ. ಅಂದು ವಜೀರ್‌ನನ್ನು ಚಹಾಕ್ಕೆ ಕಳಿಸುವುದು ಮರೆತುಹೋಗಿತ್ತು. “ಗಾಜು ನಮಗ ಬರಂಗಿಲ್ಲಲ್ಲ?” ಎಂದು ವಜೀರ್ ಕೇಳಿದ. ಗಿರಾಕಿ ಎದ್ದು ಹೋದ.

ನಾಲ್ಕನೆಯ ದಿನ ಯಶೋದಾಬಾಯಿಯವರೇ ಬಂದರು. ಯಾವುದೋ ಕೆಲಸಕ್ಕೆಂದು ಹುಮನಾಬಾದಿಗೆ ಬಂದವರು, ಬಸ್ಸಿನಿಂದ ಇಳಿಯುವಾಗ ಫ್ಲೆಕ್ಸ್ ಕಂಡು ನೆಟ್ಟಗೆ ಅಂಗಡಿಗೆ ನಡೆದರು. ಎತ್ತರ ನಾಲ್ಕಡಿ ಹತ್ತಿಂಚು. ಆದರೂ ಅವರು ಒಳಗೆ ಬಂದರೆ ಕೂತವರು ಎದ್ದು ನಿಲ್ಲುತ್ತಿದ್ದರು.

“ಇದನ್ನ ಯಾರು ಬರದದ್ದು, ಕಲ್ಲಿನಾಥ?”

“ನಾವೇ ರಿ, ಅಕ್ಕೋರ.”

“‘ಗ್ರಾಹಕರ ಅಗತ್ಯವೇ ನಮ್ಮ ಆದ್ಯತೆ.’ ಕಾಗುಣಿತ ಬರೋಬರಿ ಅದ. ಮಾತು ಸುಳ್ಳದ.”

“ಯಾಕ್ರಿ, ಏನಾತ್ರಿ?”

“ನೀ ಮಾಡಿದ ಕಪಾಟು ನನಗ ಎಟಕಂಗಿಲ್ಲ. ಬೆಲ್ಲದ ಡಬ್ಬಿ ಇಳಸಬೇಕಂದ್ರ ಬಾಜೂ ಮನಿ ಮೀನಾಜ್ ಬರಬೇಕಾಗಿತ್ತು. ಆಕಿ ಶಾದಿ ಆಗಿ ಭಾಲ್ಕಿಗಿ ಹೋದ್ಲು. ಎಂಟು ದಿನದಿಂದ ಸಪ್ಪನ ಚಹಾ ಕುಡ್ಯಾಕತ್ತೇನಿ. ಆ ಎತ್ತರದ ಅಳತಿ ಎಲ್ಲಿಂದ ತಗೊಂಡಿ?”

“ಕ್ಯಾಟಲಾಗಿನ್ಯಾಗ ಹಂಗೇ ಅದ ರಿ.”

“ಕ್ಯಾಟಲಾಗಿನ್ಯಾಗಿನ ಹೆಣ್ಮಗಳು ನಮ್ಮ ಮನಿಗಿ ಬಂದು ಚಹಾ ಮಾಡ್ತಾಳೇನು?”

ಹೊರಡುತ್ತ ಅವರು ಮತ್ತೊಂದು ಮಾತು ಹೇಳಿದರು. “ರಾಜೇಶ್ವರಿ ಬರೂ ಸೋಮವಾರ ನಿನ್ನ ಕೆಲಸ ನೋಡಾಕ ನಮ್ಮ ಮನಿಗಿ ಬರ್ತಾಳಂತ. ನಾ ಇದ್ದದ್ದು ಇದ್ದಂಗ ಹೇಳಾಕಿ.”

ಅವರು ಹೋದ ಮೇಲೆ ಕಲ್ಲಿನಾಥನ ಕುತ್ತಿಗೆ ಎಷ್ಟೋ ವರ್ಷಗಳ ಮೇಲೆ ಮುಂದಕ್ಕೆ ಬಾಗಿತು.

ಮರುದಿನ ಬೆಳಿಗ್ಗೆಯೇ ಇಬ್ಬರೂ ಬಸವಕಲ್ಯಾಣಕ್ಕೆ ಹೋದರು. ವಜೀರ್ ಯಶೋದಾಬಾಯಿಯವರನ್ನು ಅಡಿಗೆಮನೆಯ ಕಟ್ಟೆಯ ಮುಂದೆ ನಿಲ್ಲಿಸಿ ಕೈ ಎತ್ತಿಸಿದ. ಬೆರಳು ಮುಟ್ಟಿದಲ್ಲಿ ಪೆನ್ಸಿಲ್ ಗೆರೆ ಎಳೆದ. ಗೆರೆಗೂ ಡಬ್ಬಿ ಇಟ್ಟ ಹಲಗೆಗೂ ನಡುವೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ಕಲ್ಲಿನಾಥ ಆ ಗೆರೆಯನ್ನು ನೋಡುತ್ತ ನಿಂತ. ಹತ್ತು ವರ್ಷದಲ್ಲಿ ಎಷ್ಟೋ ಗೋಡೆ ಅಳೆದಿದ್ದ, ಒಬ್ಬ ಮನುಷ್ಯನನ್ನೂ ಅಳೆದಿರಲಿಲ್ಲ. ತನ್ನ ಮನೆಯಲ್ಲೇ ಹೆಂಡತಿ ಉಮಾದೇವಿ ಜೀರಿಗೆ ಡಬ್ಬಿಗೆಂದು ದಿನಾ ಪ್ಲಾಸ್ಟಿಕ್ ಕುರ್ಚಿ ಹತ್ತುವುದು ನೆನಪಾಯಿತು. ಆ ಕುರ್ಚಿ ಅಡಿಗೆಮನೆಯಲ್ಲಿ ಯಾಕಿದೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಕಪಾಟು ಪೂರ್ತಿ ಇಳಿಸಿದರೆ ಒಲೆಯ ಮುಂದೆ ತಲೆಗೆ ಬಡಿಯುತ್ತಿತ್ತು. ಹಾಗಾಗಿ ವಜೀರ್ ಅದನ್ನು ಕೊಯ್ದು ಚಿಕ್ಕದು ಮಾಡಿ, ಕೆಳಗೆ ಕೈಗೆ ಸಿಗುವಂತೆ ಒಂದು ತೆರೆದ ಹಲಗೆ ಕೂಡಿಸಿದ. ಒಂದು ದಿನದ ಕೆಲಸ ಎಂದದ್ದು ಎರಡಾಯಿತು. ಮೊದಲ ದಿನದ ಸಂಜೆಯೇ ಕಲ್ಲಿನಾಥ ಫೋನ್ ಮಾಡಿ, “ಅಕ್ಕೋರ, ಹಲಗಿ ನಾಳಿ ಮುಂಜಾನೆ ಬರ್ತದ್ರಿ” ಅಂದ. ತಡವಾಗುತ್ತದೆಂದು ಅವನು ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು. ಯಶೋದಾಬಾಯಿ, “ಆರಾಮ ಅದಿ ಏನಪ್ಪಾ?” ಎಂದು ವಿಚಾರಿಸಿದರು.

ಸೋಮವಾರ ಡಾಕ್ಟರ್ ರಾಜೇಶ್ವರಿ ಬಂದರು. ಯಶೋದಾಬಾಯಿ ಎತ್ತರ ತಪ್ಪಿದ್ದು, ಟೈಲ್ಸಿನಲ್ಲಿ ಉಳಿದ ತೂತು, ಹೆಚ್ಚಾದ ಒಂದು ದಿನ, ಒಂದನ್ನೂ ಬಿಡದೆ ಹೇಳಿದರು. ಆಮೇಲೆ ಬೆಲ್ಲದ ಡಬ್ಬಿ ತಾವೇ ಇಳಿಸಿ ಎಲ್ಲರಿಗೂ ಚಹಾ ಮಾಡಿದರು.

“ಮೌಲ್ಯದ ಹೇಳಿಕಿ ತಂದೀರೇನ್ರಿ?” ಡಾಕ್ಟರ್ ಕೇಳಿದರು.

ಕಲ್ಲಿನಾಥ ಜೇಬಿನಿಂದ ಸಮ್ಯಕನ ಹೊಳೆಯುವ ಕಾಗದ ತೆಗೆದ. ಯಶೋದಾಬಾಯಿಯವರ ಮುಖ ನೋಡಿ ಅದನ್ನು ಮಗುಚಿ ಖಾಲಿ ಮಗ್ಗುಲು ಮೇಲೆ ಮಾಡಿದ. ವಜೀರ್‌ನ ಪೆನ್ಸಿಲ್ ಇಸಿದುಕೊಂಡು, ಅಲ್ಲೇ ಕಟ್ಟೆಯ ಮೇಲೆ ಇಟ್ಟು ಬರೆದ:

‘ಗೋಡೆಯ ಅಳತೆಯ ಜೊತೆ ಮನೆಯವರ ಅಳತೆಯನ್ನೂ ತೆಗೆದುಕೊಳ್ಳುತ್ತೇವೆ. ತಡವಾಗುವುದಿದ್ದರೆ ನಾವೇ ಫೋನ್ ಮಾಡುತ್ತೇವೆ. ಬಾರದ ಕೆಲಸ ಬರುತ್ತದೆ ಅನ್ನುವುದಿಲ್ಲ. ತಕರಾರಿದ್ದರೆ ಬಡಿಗ ವಜೀರ್‌ಗೆ ಹೇಳಿರಿ, ಅವನು ಮುಚ್ಚಿಡುವವನಲ್ಲ.’ ಕೆಳಗೆ ವಜೀರ್‌ನ ಫೋನ್ ನಂಬರ್ ಇತ್ತು. ಯಶೋದಾಬಾಯಿ ಎರಡು ಕಡೆ ಕಾಗುಣಿತ ತಿದ್ದಿದರು.

ಆಸ್ಪತ್ರೆಯ ಎಲ್ಲ ಕೆಲಸವೂ ಕಲ್ಲಿನಾಥನಿಗೆ ಸಿಗಲಿಲ್ಲ. ಮುಂಭಾಗದ ಹಾಲ್ ಮತ್ತು ಸೀಲಿಂಗು ಹೈದರಾಬಾದಿನ ಕಂಪನಿಯೊಂದಕ್ಕೆ ಹೋಯಿತು. ಅವರ ಮೌಲ್ಯಗಳು ಹನ್ನೆರಡು ಪುಟ ಇದ್ದವು, ಡಾಕ್ಟರರ ಪಾಲುದಾರರು ರಟ್ಟು ನೋಡಿಯೇ ಒಪ್ಪಿದ್ದರು. ವಾರ್ಡಿನ ಕಪಾಟು, ಔಷಧದ ಕೋಣೆ, ಅಡಿಗೆಮನೆ ಕಲ್ಲಿನಾಥನ ಪಾಲಿಗೆ ಬಂದವು. ಸೀಲಿಂಗು ಕೈತಪ್ಪಿದ್ದಕ್ಕೆ ಅವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಆಸ್ಪತ್ರೆಗೆ ಹೋಗಿ ನರ್ಸುಗಳನ್ನು ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿದ.

ಅಂಗಡಿಯ ಮೇಲೆ ಆ ನಾಲ್ಕು ಮಾತುಗಳ ಹೊಸ ಫ್ಲೆಕ್ಸ್ ಏರಿತು. ಹಳ್ಳಿಖೇಡದವರು ಅದರ ಫೋಟೋ ತೆಗೆದುಕೊಂಡೇ ಬಂದು ಜಗಳಾಡಿದರು. ತಡವಾದ ಕೆಲಸದ ಪಟ್ಟಿ ಹಿಡಿದು ಸಂಜೆ ಸಂಜೆ ಫೋನ್ ಮಾಡುವ ಕೆಲಸ ಉಮಾದೇವಿಗೆ ಬಂತು. “ನಿಮ್ಮ ಮೌಲ್ಯ ಎಲ್ಲಾ ನನ್ನ ಬಾಯಾಗೇ ಹೊಂಟಾವಲ್ರಿ” ಎಂದು ಆಕೆ ಗಂಡನಿಗೆ ಅಂದಳು.

ಎರಡು ತಿಂಗಳಾದ ಮೇಲೆ ಅದೇ ರಸ್ತೆಯಲ್ಲಿ ಇಂಟೀರಿಯರ್ ಅಂಗಡಿ ಇಟ್ಟ ಅವಿನಾಶ ಈ ಫ್ಲೆಕ್ಸನ್ನು ಅಕ್ಷರ ಬಿಡದೆ ನಕಲು ಮಾಡಿಸಿಕೊಂಡು ತನ್ನ ಅಂಗಡಿಗೂ ಕಟ್ಟಿದ. ವಜೀರ್‌ನ ಹೆಸರು, ನಂಬರ್ ಸಮೇತ. ಅವನ ಗಿರಾಕಿಗಳು ವಜೀರ್‌ಗೆ ಫೋನ್ ಮಾಡತೊಡಗಿದರು. ವಜೀರ್ ಎಲ್ಲರ ತಕರಾರನ್ನೂ ಸಮಾಧಾನದಿಂದ ಕೇಳಿ, “ನಾ ಮಾಡಿದ್ದಲ್ರಿ ಅದು. ಖರೆ, ನೀವು ಹೇಳೂದು ನೋಡಿದ್ರ ಕೆಲಸ ಕೆಟ್ಟದ” ಎನ್ನುತ್ತಿದ್ದ.

ವಾರದೊಳಗೆ ಅವಿನಾಶ ಸಿಟ್ಟಿನಿಂದ ಬಂದ. “ನಿಮ್ಮ ಮಿಸ್ತ್ರಿ ನನ್ನ ಗಿರಾಕಿ ಮುಂದ ನನ್ನ ಕೆಲಸ ಕೆಟ್ಟದ ಅಂತಾನಲ್ರಿ!”

“ಅವ ಮುಚ್ಚಿಡಂಗಿಲ್ಲಂತ ನಿನ್ನ ಬೋರ್ಡಿನ ಮ್ಯಾಲ ನೀನೇ ಹಾಕಿದ್ದಿ ಅಲ್ಲೋ,” ಅಂದ ಕಲ್ಲಿನಾಥ.

ಅವಿನಾಶ ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ದನಿ ಇಳಿಸಿ, ಹುಡಗಿ ಊರಿನಲ್ಲಿ ತಾನು ಮಾಡಿದ ಒಂದು ಅಡಿಗೆಮನೆ ಕೆಟ್ಟುನಿಂತಿದೆ, ವಜೀರ್ ಭಾಯ್ ಒಮ್ಮೆ ಬಂದು ನೋಡಿದರೆ ಉಪಕಾರವಾಗುತ್ತದೆ ಎಂದ. ವಜೀರ್ ಶುಕ್ರವಾರ ನಮಾಜು ಮುಗಿಸಿ ಅವಿನಾಶನ ಬೈಕಿನ ಮೇಲೆ ಹುಡಗಿಗೆ ಹೋದ.